ದನಕ್ಕೆ ನೋವಿನ ಇಂಜೆಕ್ಷನ್ ಹಾಕಿಸೋವಾಗ ರಣಹದ್ದು ಸಾಯದ ಹಾಗೆ ನೋಡ್ಕೊಳ್ಳೋದು ಹೇಗೆ

ಇದು ಹಸು ಎಮ್ಮೆ ಸಾಕಿರೋರಿಗೆ, ಅದ್ರಲ್ಲೂ ರಾಮನಗರ, ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆ ಕಾಡಂಚಲ್ಲಿ ಇರೋರಿಗೆ. ಪರಿಸರದ ಭಾಷಣ ಏನಿಲ್ಲ, ಬಾಟ್ಲಲ್ಲಿ ಏನು ಓದ್ಬೇಕು, ಡಾಕ್ಟ್ರಿಗೆ ಏನು ಕೇಳ್ಬೇಕು, ದನ ಸತ್ರೆ ಏನು ಮಾಡ್ಬೇಕು ಅಷ್ಟೇ. ಆದ್ರೆ ಯಾಕೆ ಅನ್ನೋದು ಗೊತ್ತಿಲ್ದೆ ಇದನ್ನೆಲ್ಲ ಯಾರೂ ಮಾಡಲ್ಲ, ಅದಕ್ಕೆ ಮೊದ್ಲು ಆ ಕಥೆ.

1990ರ ದಶಕದಲ್ಲಿ ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಪಾರ್ಕಲ್ಲಿ ವಿಭು ಪ್ರಕಾಶ್ ಅನ್ನೋ ಪಕ್ಷಿ ವಿಜ್ಞಾನಿ ರಣಹದ್ದುಗಳ ಲೆಕ್ಕ ಇಡ್ತಿದ್ರು, ಕತ್ತು ಜೋತು ಹಾಕ್ಕೊಂಡು ಕೂತಿರೋ ಹದ್ದುಗಳು, ಗೂಡಲ್ಲೇ ಸತ್ತಿರೋವು, ವರ್ಷ ವರ್ಷ ಕಮ್ಮಿ ಆಗ್ತಾನೇ ಹೋದವು. ಏನೋ ವೈರಸ್ ಇರ್ಬೇಕು ಅಂತಾನೇ ತುಂಬಾ ಜನ ಅಂದ್ಕೊಂಡಿದ್ರು. ಆಮೇಲೆ ಪಾಕಿಸ್ತಾನದ ಪಂಜಾಬಲ್ಲೂ ಇದೇ ಗೋಳು ಶುರುವಾದಾಗ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಲಿಂಡ್ಸೆ ಓಕ್ಸ್ ಅನ್ನೋ ಪಶುವೈದ್ಯ ವಿಜ್ಞಾನಿ ಮತ್ತು ಅವರ ಟೀಮು ಸತ್ತ ಹದ್ದುಗಳನ್ನ ಕುಯ್ದು ನೋಡೋಕೆ ಕೂತ್ರು. ಒಳಗೆ ಲಿವರ್, ಹೃದಯದ ಮೇಲೆಲ್ಲ ಸುಣ್ಣದ ಪುಡಿ ಉದುರಿಸಿದಂಗೆ ಬಿಳಿ ಪದರ. ಅದು ಯೂರಿಕ್ ಆಸಿಡ್. ಹಕ್ಕಿಗಳು ಮೈಯಲ್ಲಿರೋ ಸಾರಜನಕದ ಕಸಾನ ಯೂರಿಕ್ ಆಸಿಡ್ ಮಾಡಿ ಹೊರಗೆ ಹಾಕ್ತವೆ, ಕಿಡ್ನಿ ಕೆಟ್ರೆ ಅದು ಒಳಗೇ ನಿಂತು ಹೆಪ್ಪುಗಟ್ಟುತ್ತೆ.

ಸರಿ, ಕಿಡ್ನಿ ಕೆಡಿಸಿದ್ದು ಏನು? ವೈರಸ್ ನೋಡಿದ್ರು, ಬ್ಯಾಕ್ಟೀರಿಯಾ ನೋಡಿದ್ರು, ಸೀಸ ಕ್ಯಾಡ್ಮಿಯಂ ಥರದ ಲೋಹ ನೋಡಿದ್ರು, ಕೀಟನಾಶಕ ನೋಡಿದ್ರು, ಯಾವುದೂ ತಾಳೆ ಆಗ್ಲಿಲ್ಲ. ಕೊನೆಗೆ ಪ್ರಶ್ನೆನೇ ಬೇರೆ ಮಾಡ್ಕೊಂಡ್ರು, ಈ ಹದ್ದು ತಿನ್ನೋದು ಏನು, ಸತ್ತ ದನ, ಹಂಗಾದ್ರೆ ಆ ದನಕ್ಕೆ ಜನ ಏನು ಔಷಧಿ ಕೊಡ್ತಾರೆ? ಪಶು ಡಾಕ್ಟ್ರುಗಳನ್ನ, ಔಷಧಿ ಅಂಗಡಿಗಳನ್ನ ವಿಚಾರಿಸಿದಾಗ ಸಿಕ್ಕಿದ್ದು ಡೈಕ್ಲೋಫೆನಾಕ್. ಮೊಣಕಾಲು ನೋವಿಗೆ ನಾವು ತಗೊಳ್ಳೋದೂ ಅದೇ. ಕಿಡ್ನಿ ಹೋಗಿ ಸತ್ತಿದ್ದ 25 ಹದ್ದುಗಳಲ್ಲಿ 25ರಲ್ಲೂ ಈ ಔಷಧಿ ಇತ್ತು, ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದ್ರಲ್ಲೂ ಇರ್ಲಿಲ್ಲ. ಇಂಜೆಕ್ಷನ್ ಹಾಕಿದ ಎಮ್ಮೆ, ಮೇಕೆ ಮಾಂಸ ತಿನ್ಸಿ ನೋಡಿದ್ರೂ ಅದೇ ರೀತಿ ಸತ್ತವು. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು ಇದು. ನನ್ನ ಪ್ರಕಾರ ಇದ್ರಲ್ಲಿ ಜಾಣತನ ಇರೋದು ಮಷೀನಲ್ಲಲ್ಲ, ಅಂಗಡಿಗೆ ಹೋಗಿ ಏನು ಮಾರ್ತೀರಾ ಅಂತ ಕೇಳಿದ್ರಲ್ಲಿ.

ಇನ್ನೊಂದು ವಿಷಯ, ಎಲ್ಲಾ ಹೆಣದಲ್ಲೂ ಔಷಧಿ ಇರ್ಬೇಕಾಗಿಲ್ಲ. ನೂರಕ್ಕೆ ಒಂದಕ್ಕಿಂತ ಕಮ್ಮಿ ಹೆಣದಲ್ಲಿ ಇದ್ರೂ ಸಂತತಿ ಕುಸಿಯೋಕೆ ಸಾಕು ಅಂತ ಆಮೇಲೆ ಲೆಕ್ಕ ಹಾಕಿದ್ರು. ಯಾಕಂದ್ರೆ ಒಂದು ಹೆಣಕ್ಕೆ ಹತ್ತಾರು ಹದ್ದು ಇಳೀತವೆ, ಒಂದು ಜೋಡಿ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ, ಮರಿ ದೊಡ್ಡದಾಗಿ ತಾನು ಮೊಟ್ಟೆ ಇಡೋಕೆ ಐದು ವರ್ಷ ಬೇಕು. 1992ರಿಂದ 2007ರ ಒಳಗೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದು 99.9% ಹೋಯ್ತು. ಅಂದ್ರೆ ಸಾವಿರಕ್ಕೆ ಒಂದು ಉಳೀತು. ಹಂಗಾಗಿ "ನಾನೊಬ್ಬ ಒಂದು ಇಂಜೆಕ್ಷನ್ ಹಾಕ್ಸಿದ್ರೆ ಏನಾಗುತ್ತೆ" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಈಗ ಕೆಲಸಕ್ಕೆ ಬರೋಣ.

ಬಾಟ್ಲು ಓದೋದು

ಮುಂದ್ಗಡೆ ದೊಡ್ಡದಾಗಿ ಬಣ್ಣದಲ್ಲಿ ಬರೆದಿರೋದು ಕಂಪನಿ ಇಟ್ಟ ಹೆಸ್ರು, ಅದನ್ನ ಬಿಟ್ಬಿಡಿ. ಅದರ ಕೆಳಗೋ ಪಕ್ಕಕ್ಕೋ ಸಣ್ಣಕ್ಷರದಲ್ಲಿ "ಪ್ರತಿ ಎಂಎಲ್‌ನಲ್ಲಿ ಇಷ್ಟಿದೆ" ಅಂತ ಇಂಗ್ಲಿಷಲ್ಲಿ ಇರುತ್ತೆ, ಅಲ್ಲಿರೋದು ನಿಜವಾದ ಔಷಧಿ ಹೆಸ್ರು. ಅಕ್ಷರ ಕಾಣ್ದೇ ಇದ್ರೆ ಮೊಬೈಲಲ್ಲಿ ಫೋಟೋ ತೆಗ್ದು ಝೂಮ್ ಮಾಡಿ, ಇಂಗ್ಲಿಷ್ ಬರ್ದಿದ್ರೆ ಮನೇಲಿರೋ ಮಕ್ಕಳ ಕೈಲಿ ಓದ್ಸಿ.

ಬೇಡವೇ ಬೇಡ ಅನ್ನೋ ಹೆಸ್ರುಗಳು: ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್. ಮೊದಲ್ನೇದು ಪ್ರಾಣಿಗಳಿಗೆ 2006ರಲ್ಲೇ ಬ್ಯಾನ್ ಆಯ್ತು, ಮಧ್ಯದ ಎರಡು 2023ರ ಜುಲೈನಲ್ಲಿ, ನಿಮೆಸುಲೈಡ್ 2024ರ ಡಿಸೆಂಬರ್ ಕೊನೇಲಿ. ಅಸೆಕ್ಲೋಫೆನಾಕ್ ಬೇರೆ ಔಷಧಿ ಅಲ್ವಾ ಅಂತ ಕೆಲವರು ವಾದ ಮಾಡ್ತಾರೆ, ಹಸುವಿನ ಮೈಯೊಳಗೆ ಹೋದ್ಮೇಲೆ ಅದು ಡೈಕ್ಲೋಫೆನಾಕ್ಕೇ ಆಗುತ್ತೆ, ವಾದ ಮುಗೀತು. ಫ್ಲುನಿಕ್ಸಿನ್ ಅಂತ ಇನ್ನೊಂದಿದೆ, ಅದೂ ಹದ್ದಿಗೆ ಒಳ್ಳೇದಲ್ಲ.

ಹದ್ದುಗಳ ಮೇಲೆ ಪರೀಕ್ಷೆ ಮಾಡಿ ತೊಂದ್ರೆ ಇಲ್ಲ ಅಂತ ಗೊತ್ತಾಗಿರೋದು ಮುಖ್ಯವಾಗಿ ಎರಡು, ಮೆಲೊಕ್ಸಿಕಾಂ ಮತ್ತು ಟೋಲ್ಫೆನಾಮಿಕ್ ಆಸಿಡ್. ಮೆಲೊಕ್ಸಿಕಾಂ ಎಲ್ಲಾ ಕಡೆ ಸಿಗುತ್ತೆ. ಒಂದೇ ಬಾಟ್ಲಲ್ಲಿ ಎರಡು ಔಷಧಿ ಸೇರ್ಸಿ ಮಾರೋವೂ ಇವೆ, ಅಲ್ಲಿ ಮೊದಲ ಹೆಸ್ರು ಓದಿ ಖುಷಿಯಾಗಿ ಬಿಡ್ಬೇಡಿ, ಎರಡೂ ಓದಿ.

ಡಾಕ್ಟ್ರಿಗೆ ಹೇಳೋದು

ಕೆಚ್ಚಲು ಬಾವು ಆಗಿದೆ, ಕುಂಟ್ತಾ ಇದೆ, ಕರು ಹಾಕಿದ್ಮೇಲೆ ಜ್ವರ ಇದೆ, ಇಂಥ ಟೈಮಲ್ಲಿ ನೋವಿನ ಇಂಜೆಕ್ಷನ್ ಬೇಡ ಅಂತ ಯಾರೂ ಹೇಳ್ತಿಲ್ಲ, ಹಸು ನರಳ್ತಾ ಇದ್ರೆ ಕೊಡಿಸ್ಲೇಬೇಕು. "ಸಾರ್, ನೋವಿಗೆ ಮೆಲೊಕ್ಸಿಕಾಮೇ ಹಾಕಿ" ಅಂತ ಒಂದು ಮಾತು ಅಂದ್ರೆ ಸಾಕು. ಸರ್ಕಾರಿ ಆಸ್ಪತ್ರೆ ಡಾಕ್ಟ್ರುಗಳಲ್ಲಿ ಬಹುತೇಕರಿಗೆ ಇದು ಗೊತ್ತು. 1962ಕ್ಕೆ ಫೋನ್ ಮಾಡಿದ್ರೆ ಬರೋ ಪಶು ಸಂಜೀವಿನಿ ಗಾಡಿಯವ್ರಿಗೂ ಹಿಂಗೇ ಕೇಳ್ಬಹುದು. ತೊಂದ್ರೆ ಬರೋದು ಡಿಗ್ರಿ ಇಲ್ದೆ ಬೈಕಲ್ಲಿ ಬ್ಯಾಗ್ ತಗುಲಿಸ್ಕೊಂಡು ಬರೋರ ಹತ್ರ, ಮತ್ತೆ ಮನುಷ್ಯರ ಮೆಡಿಕಲ್ ಶಾಪಿಂದ ನಾವೇ ತಂದು ಚುಚ್ಚೋದ್ರಲ್ಲಿ.

ಒಂದು ಗುರುತು ಹೇಳ್ತೀನಿ. ಪ್ರಾಣಿಗಳಿಗೆ ಬ್ಯಾನ್ ಆದ್ಮೇಲೂ ಮನುಷ್ಯರಿಗೆ ಅಂತ ಬರ್ತಿದ್ದ 30 ಎಂಎಲ್ ಡೈಕ್ಲೋಫೆನಾಕ್ ಬಾಟ್ಲನ್ನ ದನಕ್ಕೆ ಹಾಕ್ತಿದ್ರು, ಅದಕ್ಕೆ 2015ರಲ್ಲಿ ಸರ್ಕಾರ ಇಂಜೆಕ್ಷನ್ ಪ್ಯಾಕ್ ಒಂದ್ಸಲದ್ದು 3 ಎಂಎಲ್‌ಗಿಂತ ದೊಡ್ಡದು ಇರಬಾರ್ದು ಅಂತ ಮಾಡ್ತು. ಆ ಚಿಕ್ಕ ಗಾಜಿನ ಆಂಪ್ಯೂಲಲ್ಲಿ ಸಾಮಾನ್ಯವಾಗಿ 75 ಮಿಲಿಗ್ರಾಂ ಇರುತ್ತೆ, 400 ಕೆಜಿ ಹಸುವಿಗೆ ಕೆಜಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಐದಾರು ಬೇಕಾಗುತ್ತೆ. ಹಂಗಾಗಿ ಯಾರಾದ್ರೂ ನಿಮ್ಮ ಕೊಟ್ಟಿಗೇಲಿ ಚಿಕ್ಕ ಚಿಕ್ಕ ಆಂಪ್ಯೂಲ್ ಟಕ್ ಟಕ್ ಅಂತ ಒಡೆದು ಒಂದೇ ಸಿರಿಂಜಿಗೆ ತುಂಬ್ತಾ ಇದ್ರೆ ಕೈ ಹಿಡಿದು ನಿಲ್ಸಿ, ಏನಿದು ತೋರ್ಸಿ ಅಂತ ಕೇಳಿ.

"ಮೆಲೊಕ್ಸಿಕಾಂ ಹಿಡಿಯಲ್ಲ" ಅನ್ನೋ ದೂರು ಹಾಲಿನ ಡೈರಿ ಮುಂದೆ ಬೇಕಾದಷ್ಟು ಕೇಳ್ಬಹುದು. ಇದ್ರಲ್ಲಿ ಎಷ್ಟೋ ಸಲ ಡೋಸ್ ಸಾಲ್ದೇ ಇರೋದೇ ಕಾರಣ ಅನ್ಸುತ್ತೆ. ಹಸುವಿಗೆ ಸಾಮಾನ್ಯ ಲೆಕ್ಕ ಕೆಜಿಗೆ ಅರ್ಧ ಮಿಲಿಗ್ರಾಂ, 400 ಕೆಜಿಗೆ 200 ಮಿಲಿಗ್ರಾಂ. ಎಂಎಲ್‌ಗೆ 5 ಮಿಲಿಗ್ರಾಂ ಇರೋ ಬಾಟ್ಲಾದ್ರೆ 40 ಎಂಎಲ್ ಬೇಕು, 20 ಮಿಲಿಗ್ರಾಂ ಇರೋದಾದ್ರೆ 10 ಎಂಎಲ್ ಸಾಕು. ತೆಳು ಔಷಧಿ ಹತ್ತು ಎಂಎಲ್ ಹಾಕಿ ನೋವು ಹೋಗ್ಲಿಲ್ಲ ಅಂದ್ರೆ ಔಷಧಿ ಏನು ಮಾಡುತ್ತೆ. ಹಂಗಂತ ನೀವೇ ಲೆಕ್ಕ ಹಾಕಿ ಚುಚ್ಬೇಡಿ, ಡೋಸ್ ಡಾಕ್ಟ್ರದ್ದೇ. ಮತ್ತೆ ಲೇಬಲ್ಲಲ್ಲಿ ಇಷ್ಟು ದಿನ ಹಾಲು ಬಳಸ್ಬೇಡಿ ಅಂತ ಇದ್ರೆ ಅಷ್ಟು ದಿನ ಡೈರಿಗೆ ಹಾಕ್ಬೇಡಿ.

ಕೊಟ್ಟಿಗೆ ಗೋಡೆಗೆ ಒಂದು ಹಳೇ ಕ್ಯಾಲೆಂಡರ್ ನೇತಾಕಿ, ಯಾವ ಹಸುವಿಗೆ ಯಾವ ಇಂಜೆಕ್ಷನ್ ಅಂತ ಆ ತಾರೀಕಿನ ಮೇಲೇ ಬರೀರಿ. ಯಾಕೆ ಅಂತ ಕೆಳಗೆ ಗೊತ್ತಾಗುತ್ತೆ.

ದನ ಸತ್ರೆ

ಡೈಕ್ಲೋಫೆನಾಕ್ ಹಸುವಿನ ಮೈಯಿಂದ ಬೇಗ ಇಳಿಯುತ್ತೆ, ಅಪಾಯ ಜಾಸ್ತಿ ಇರೋದು ಇಂಜೆಕ್ಷನ್ ಹಾಕಿದ ಮೊದಲೆರಡು ಮೂರು ದಿನ, ಅದೂ ಕಿಡ್ನಿ ಲಿವರ್ ಕರುಳಲ್ಲಿ. ಆದ್ರೆ ಕಾಯಿಲೆ ದನ ಸಾಯೋದೂ ಇಂಜೆಕ್ಷನ್ ಹಾಕಿಸಿದ ಆ ಎರಡು ಮೂರು ದಿನದಲ್ಲೇ ಅಲ್ವಾ, ಹದ್ದಿಗೆ ಮೊದಲು ಬೇಕಾಗಿರೋದೂ ಆ ಮೆತ್ತನೆ ಭಾಗಗಳೇ. ಅದಕ್ಕೆ ಕ್ಯಾಲೆಂಡರ್ ನೋಡಿ, ಕಳೆದ ಒಂದು ವಾರದಲ್ಲಿ ಬೇಡದ ಔಷಧಿ ಏನಾದ್ರೂ ಹೋಗಿದ್ರೆ, ಅಥವಾ ಏನು ಹಾಕಿದ್ರು ಅಂತಾನೇ ಗೊತ್ತಿಲ್ದಿದ್ರೆ, ಹೆಣಾನ ಗೋಮಾಳದಲ್ಲೋ ಕಾಡಂಚಲ್ಲೋ ಬಿಸಾಕ್ಬೇಡಿ. ನಾಯಿ ಕೆದಕದಷ್ಟು ಆಳ ಗುಂಡಿ ತೆಗ್ದು, ಬಾವಿ ಕೆರೆಯಿಂದ ದೂರ, ಹೂತುಬಿಡಿ. ಮೂಗು ಬಾಯಲ್ಲಿ ರಕ್ತ ಸೋರಿ ಇದ್ದಕ್ಕಿದ್ದಂಗೆ ಸತ್ತಿದ್ರೆ ನೆರಡಿ ರೋಗ ಇರ್ಬಹುದು, ಆಗ ಹೆಣ ಕುಯ್ಯೋದು ಚರ್ಮ ಸುಲಿಯೋದು ಬೇಡ, ಮೊದಲು ಪಶು ಡಾಕ್ಟ್ರಿಗೆ ಹೇಳಿ.

ಕಾಡಂಚಿನೋರಿಗೆ ಇನ್ನೊಂದಿದೆ. ಹುಲಿ ಚಿರತೆ ಹಸು ಹಿಡಿದ್ರೆ ಮಹಜರ್ ಆಗೋವರ್ಗೂ, ಪರಿಹಾರಕ್ಕೋಸ್ಕರ, ಹೆಣ ಅಲ್ಲೇ ಬಿದ್ದಿರುತ್ತೆ, ಬಂಡೀಪುರ ನಾಗರಹೊಳೆ ಸುತ್ತ ಹದ್ದುಗಳು ಇಳಿಯೋದೂ ಇಂಥ ಕಡೆನೇ. ಆ ಹಸುವಿಗೆ ಮೊನ್ನೆ ತಾನೇ ಇಂಜೆಕ್ಷನ್ ಹಾಕ್ಸಿದ್ದೆ ಅಂತ ಬಂದ ಗಾರ್ಡಿಗೆ ಹೇಳಿ. ಸಿಟ್ಟಿಗೆ ಹೆಣಕ್ಕೆ ಕೀಟನಾಶಕ ಸುರಿಯೋದಂತೂ ಬೇಡವೇ ಬೇಡ. 2025ರ ಜೂನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ಕಾಡಲ್ಲಿ ವಿಷ ಹಾಕಿದ್ದ ಹಸು ತಿಂದು ತಾಯಿ ಹುಲಿ ನಾಲ್ಕು ಮರಿ ಸಮೇತ ಸತ್ತಿದ್ದು ಎಲ್ರಿಗೂ ನೆನಪಿದೆ. ಅಂಥ ಹೆಣದ ಮೇಲೆ ಹದ್ದು ಇಳಿದ್ರೆ ಒಂದೆರಡಲ್ಲ, ಇಡೀ ಗುಂಪೇ ಹೋಗುತ್ತೆ.

ಹದ್ದು ಬಿದ್ದಿದ್ದು ಸಿಕ್ಕಿದ್ರೆ

ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದು ಇವೆ, 2012ರಲ್ಲಿ ರಣಹದ್ದು ಧಾಮ ಅಂತ ಘೋಷಣೆ ಆಗಿದೆ, ಆದ್ರೆ ಹಕ್ಕಿಗೆ ಬೇಲಿ ಗೊತ್ತಾ, ಊಟ ಹುಡುಕ್ಕೊಂಡು ಎಲ್ಲೆಲ್ಲೋ ಹೋಗುತ್ತೆ. ಕತ್ತು ಕೆಳಗೆ ಇಳಿಬಿಟ್ಟು ಗಂಟೆಗಟ್ಟಲೆ ಅಲ್ಲಾಡ್ದೇ ಕೂತಿದ್ರೆ ಹುಷಾರಿಲ್ಲದೇ ಇರ್ಬಹುದು. ಬಿಸಿಲಿಗೂ ಕೆಲವು ಸಲ ಹಂಗೆ ಕೂರ್ತವೆ, ಸ್ವಲ್ಪ ದೂರ ನಿಂತು ನೋಡಿ, ಹತ್ರ ಹೋದ್ರೂ ಹಾರ್ದಿದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನೀರು ಕುಡಿಸೋದು, ಮನೆಗೆ ತರೋದು ಮಾಡ್ಬೇಡಿ, ಕಾಯ್ದೆ ಪ್ರಕಾರನೂ ತಪ್ಪು.

ಸತ್ತಿದ್ರೆ ಇನ್ನೂ ಬೇಗ ಫೋನ್ ಮಾಡಿ. ಲ್ಯಾಬಿಗೆ ಬೇಕಾಗಿರೋದು ತಾಜಾ ಕಿಡ್ನಿ ಮತ್ತು ಲಿವರ್, ನಮ್ಮ ಬಿಸಿಲಲ್ಲಿ ಒಂದು ದಿನ ಬಿಟ್ರೆ ಕೊಳೆತು ಕೆಲಸಕ್ಕೆ ಬರಲ್ಲ. ಅಲ್ಲಿವರ್ಗೂ ಹಕ್ಕಿನ ಮುಟ್ಟದೆ ನೆರಳು ಬೀಳೋ ಹಾಗೆ ಸೊಪ್ಪಿನ ಕೊಂಬೆ ಅಡ್ಡ ಇಡಿ, ನಾಯಿ ಹತ್ರ ಬರದಂಗೆ ನೋಡ್ಕೊಳ್ಳಿ, ನಾಲ್ಕು ಕಡೆಯಿಂದ ಫೋಟೋ ತೆಗೀರಿ, ಲೊಕೇಶನ್ ಸೇವ್ ಮಾಡಿ. ಸುತ್ತಮುತ್ತ ಯಾರ ದನ ಸತ್ತಿತ್ತು, ಎಷ್ಟು ದಿನ ಆಯ್ತು, ಏನು ಔಷಧಿ ಕೊಟ್ಟಿದ್ರು ಅಂತ ಊರಲ್ಲಿ ವಿಚಾರಿಸಿ ಬಂದೋರಿಗೆ ಹೇಳಿ, ಖಾಲಿ ಬಾಟ್ಲು ತಿಪ್ಪೇಲಿ ಸಿಕ್ರೆ ಅದನ್ನೂ ಒಂದು ಕವರಿಗೆ ಹಾಕಿ ಕೊಡಿ.