ನೆಟ್‌ವರ್ಕ್ ಕಾರ್ಡ್ ಕೊಳ್ಳುವ ಮೊದಲು ನಾನು ಹುಡುಕುವ ನಂಬರು

ಸಿಡಿಲು ಬಡಿದ ರಾತ್ರಿ ನನ್ನ ಹಳೆಯ ಕಂಪ್ಯೂಟರಿನ ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಸಿಕ್ಕಿಸುವ ಜಾಗ) ಸತ್ತಿತು. ಉಳಿದದ್ದೆಲ್ಲ ನೆಟ್ಟಗಿತ್ತು. ಒಂದು ಕಾರ್ಡ್ ಸಿಕ್ಕಿಸಿದರಾಯಿತು ಎಂದುಕೊಂಡು ಇದ್ದುದರಲ್ಲೇ ಅಗ್ಗದ್ದನ್ನು ತರಿಸಿದೆ. ಡಬ್ಬಿಯ ಮೇಲೆ ಗಿಗಾಬಿಟ್ ಎಂದು ದಪ್ಪಕ್ಷರದಲ್ಲಿತ್ತು. ಒಳಗಿನ ಚಿಪ್ ಯಾವುದೆಂದು ಎಲ್ಲೂ ಬರೆದಿರಲಿಲ್ಲ.

ನನ್ನ ಕಂಪ್ಯೂಟರ್ ನಡೆಸುವ ಲಿನಕ್ಸ್‌ಗೆ ಅದರ ಗುರುತೇ ಹತ್ತಲಿಲ್ಲ. ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು! ಫೋನನ್ನು ಯುಎಸ್‌ಬಿಗೆ ಜೋಡಿಸಿ, ಟೆದರಿಂಗ್ ಮಾಡಿ ಹುಡುಕಿದೆ. ಸಿಕ್ಕ ಡ್ರೈವರ್ ಯಾವುದೋ ಕಾಲದ ಕರ್ನೆಲ್‌ಗೆ (ಲಿನಕ್ಸ್‌ನ ತಿರುಳಿಗೆ) ಬರೆದದ್ದು, ನನ್ನಲ್ಲಿ ಕಂಪೈಲ್ ಆಗಲೇ ಇಲ್ಲ. ಕಾರ್ಡ್ ವಾಪಸ್ ಹೋಯಿತು.

ಎರಡನೇ ಸಲ ಮೊದಲು ಚಿಪ್ ಆರಿಸಿ, ಆಮೇಲೆ ಅದು ಇರುವ ಕಾರ್ಡ್ ಹುಡುಕಿದೆ. ರಿಯಲ್‌ಟೆಕ್‌ನ ಆರ್‌ಟಿಎಲ್ 8111, 8168 ಚಿಪ್‌ಗಳಿಗೆ ಲಿನಕ್ಸ್ ಕರ್ನೆಲ್‌ನಲ್ಲೇ ಆರ್ 8169 ಡ್ರೈವರ್ ಇದೆ, ಬೇರೇನೂ ಇಳಿಸಬೇಕಿಲ್ಲ. ಕಾರ್ಡ್ ಕೈಗೆ ಬಂದ ಮೇಲೆ ಒಳಗಿರುವ ಕಾರ್ಡ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆದೇಶ ಕೊಟ್ಟು ಐಡಿ ನೋಡಿದೆ: 10ಇಸಿ:8168. ಮೊದಲ ಭಾಗ ತಯಾರಕರದು, ಎರಡನೆಯದು ಚಿಪ್‌ನದು. ಇಂಟೆಲ್ ಆಗಿದ್ದರೆ ಮೊದಲಿಗೆ 8086 ಇರುತ್ತಿತ್ತು. ತಮ್ಮ ಹಳೆಯ ಪ್ರೊಸೆಸರಿನ ನಂಬರನ್ನೇ ಅವರು ಐಡಿ ಮಾಡಿಕೊಂಡಿದ್ದಾರೆ.

ಕಾರ್ಡ್ ಕೂರುವ ಸ್ಲಾಟ್ ವಿಷಯದಲ್ಲೂ ಸ್ವಲ್ಪ ಲೆಕ್ಕ ಹಾಕಿದ್ದೆ. ನನ್ನ ಬೋರ್ಡಿನಲ್ಲಿ ಹಳೆಯ ಪಿಸಿಐ ಸ್ಲಾಟೂ ಇತ್ತು. ಅದರ ಗರಿಷ್ಠ ವೇಗ ಸೆಕೆಂಡಿಗೆ 133 ಮೆಗಾಬೈಟ್, ಅದನ್ನೂ ಆ ಬಸ್ಸಿನಲ್ಲಿರುವ (ಡೇಟಾ ಸಾಗುವ ಒಂದೇ ದಾರಿಯಲ್ಲಿರುವ) ಕಾರ್ಡ್‌ಗಳೆಲ್ಲ ಹಂಚಿಕೊಳ್ಳಬೇಕು. ಗಿಗಾಬಿಟ್‌ಗೆ ಒಂದು ದಿಕ್ಕಿಗೇ 125 ಮೆಗಾಬೈಟ್ ಬೇಕು. ಹಾಗಾಗಿ ಅದಕ್ಕಿಂತ ಹೊಸದಾದ ಪಿಸಿಐ ಎಕ್ಸ್‌ಪ್ರೆಸ್‌ನ ಎಕ್ಸ್1 (ಅತಿ ಗಿಡ್ಡ ಸ್ಲಾಟಿನ) ಕಾರ್ಡೇ ತೆಗೆದುಕೊಂಡೆ. ಎಕ್ಸ್1 ಸ್ಲಾಟ್ ಖಾಲಿ ಇಲ್ಲದಿದ್ದರೆ ಉದ್ದದ ಎಕ್ಸ್16ರಲ್ಲೂ ಕೂರುತ್ತದೆ. 2.5 ಗಿಗಾಬಿಟ್‌ನ ಆಸೆ ಬಂದಿತ್ತು, ಮನೆಯ ನೆಟ್ ಕೇಬಲ್‌ಗಳೆಲ್ಲ ಸೇರುವ ಸ್ವಿಚ್ ಗಿಗಾಬಿಟ್‌ನದೇ ಎಂದು ನೆನಪಾಗಿ ಬಿಟ್ಟೆ. ಸರ್ವರ್‌ನಿಂದ ಕಳಚಿದ 10 ಗಿಗಾಬಿಟ್ ಕಾರ್ಡ್‌ಗಳು ಅಗ್ಗವಾಗಿ ಕಾಣುತ್ತವೆ. ಆದರೆ ಹಲವಕ್ಕೆ ಎಕ್ಸ್8 ಸ್ಲಾಟ್ ಬೇಕು, ಸರ್ವರ್ ಫ್ಯಾನಿನಂಥ ಗಾಳಿಯೂ ಬೇಕು.

ನನ್ನದು ತೆಳು ಕ್ಯಾಬಿನೆಟ್. ಕಾರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಗಿಡ್ಡ ಬ್ರಾಕೆಟ್ ಜೊತೆಗೇ ಬರುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಂಡಿದ್ದೆ, ಸದ್ಯ.

ಕಾರ್ಡ್ ಕೂತಿತು, ದೀಪ ಹತ್ತಿತು, ವೇಗ ಮಾತ್ರ 100 ಮೆಗಾಬಿಟ್‌ನಲ್ಲೇ ನಿಂತಿತು. ಇದೂ ಹಾಳೇ ಎಂದು ಅರ್ಧ ದಿನ ಕಾರ್ಡಿಗೆ ಬಯ್ದೆ. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನಾನೇ ಕ್ರಿಂಪ್ ಮಾಡಿದ (ತುದಿಗೆ ಪ್ಲಗ್ ಒತ್ತಿ ಕೂರಿಸಿದ) ಕೇಬಲಿನಲ್ಲಿ ಕಂದು ತಂತಿ ಪಿನ್ ಮುಟ್ಟಿರಲಿಲ್ಲ. ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದ ಮೇಲೆ ವೇಗ ಅಳೆಯುವ ಐಪರ್ಫ್ 940 ಮೆಗಾಬಿಟ್ ತೋರಿಸಿತು.