ಎಳೆಯದ ಇಂಜಿನ್: ಕಾರ್ಬೊರೇಟರ್ ಬಿಚ್ಚುವ ಮೊದಲು

"ಸ್ಟಾರ್ಟ್ ಆಗ್ತದೆ, ಓಡ್ತದೆ, ಆದ್ರೆ ಎಳೀತಾ ಇಲ್ಲ ಮಾರಾಯ್ರೆ." ಉಡುಪಿ ಜಿಲ್ಲೆಯ ಗಂಗೊಳ್ಳಿ ಸುತ್ತಿನ ನಾಡದೋಣಿಗಳಿಂದ ನನ್ನ ಹತ್ತಿರ ಬರುವ, ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಔಟ್‌ಬೋರ್ಡ್ ಇಂಜಿನ್‌ಗಳಲ್ಲಿ ಹೆಚ್ಚಿನವುಗಳ ದೂರು ಇದೇ. ಬರುವಷ್ಟರಲ್ಲಿ ಯಾರೋ ಒಬ್ಬರು ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ಅದರೊಳಗಿನ ಸಣ್ಣ ತೂತಿನ ಜೆಟ್ ಊದಿ, ಸ್ಕ್ರೂ ಅತ್ತಿತ್ತ ತಿರುಗಿಸಿ ಆಗಿರುತ್ತದೆ. ಮೊದಲಿದ್ದ ಸೆಟ್ಟಿಂಗ್ ಎಲ್ಲಿತ್ತೆಂದು ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ನಾನು ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ. ದೋಣಿ ನೀರಲ್ಲಿರಲಿ, ಇಂಜಿನ್ ದೋಣಿಯಲ್ಲೇ ಇರಲಿ, ಅಲ್ಲಿಗೇ ಬರುತ್ತೇನೆ ಅನ್ನುತ್ತೇನೆ. ಶಕ್ತಿ ಇಲ್ಲದ್ದು ಕಾಣುವುದು ಭಾರ ಎಳೆಯುವಾಗ. ಡ್ರಮ್ಮಿನ ನೀರಲ್ಲಿ ನಿಲ್ಲಿಸಿ ಓಡಿಸಿದರೆ ಅರ್ಧ ಸತ್ತ ಇಂಜಿನ್ನೂ ಚೆನ್ನಾಗಿಯೇ ಸದ್ದು ಮಾಡುತ್ತದೆ.

ಇದು ಮಳೆಗಾಲದಲ್ಲಿ ಜೀವದ ಪ್ರಶ್ನೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ಮೋಟಾರಿನ ನಾಡದೋಣಿಗೆ ಮಾತ್ರ ಅವಕಾಶ. ಅಂಥ ಹೊತ್ತಿನಲ್ಲಿ ನದಿ ಸಮುದ್ರ ಸೇರುವ ಅಳಿವೆ ದಾಟುವಾಗ ಎರಡು ತೆರೆಗಳ ನಡುವೆ ಇಂಜಿನ್ ಎಳೆಯದೆ ಹೋದರೆ ದೋಣಿ ಅಡ್ಡ ತಿರುಗುತ್ತದೆ. ಆದ್ದರಿಂದ "ಸ್ವಲ್ಪ ಕಮ್ಮಿ ಎಳೀತದೆ, ನಡೀತದೆ" ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ನೋಡಿದ ಒಂದು ಇಂಜಿನ್ ಕತೆ ಹೇಳುತ್ತೇನೆ. 8 ಅಶ್ವಶಕ್ತಿಯದು, ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವಂಥದ್ದು. ಇಂಧನಕ್ಕೆ ಕಿಡಿ ಕೊಡುವ ಪ್ಲಗ್ಗಿನ ವೈರಿಗೆ ಸುತ್ತಿ ನೋಡುವ ಸಣ್ಣ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮೀಟರ್ ನನ್ನಲ್ಲಿದೆ. ಮೊದಲು ಅದನ್ನೇ ಹಾಕುವುದು. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಆರ್‌ಪಿಎಂ ಏರಿ ದೋಣಿ ಮಾತ್ರ ಓಡದಿದ್ದರೆ ತೊಂದರೆ ಇಂಜಿನ್ನಿನದಲ್ಲ: ನೀರು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಒಳಗಿನ ರಬ್ಬರ್ ಬುಶ್ ಜಾರುತ್ತಿದೆ, ಅಥವಾ ಫ್ಯಾನ್ ನೀರಿನ ಬದಲು ಗಾಳಿ ಕಡೆಯುತ್ತಿದೆ. ಆರ್‌ಪಿಎಂ ಏರದಿದ್ದರೆ ಇಂಜಿನ್ ಸೊರಗಿದೆ, ಇಲ್ಲವೇ ದೋಣಿ ಭಾರವಾಗಿದೆ. ತಳದಲ್ಲಿ ಚಿಪ್ಪು ಕಟ್ಟಿದೆಯೇ, ಫ್ಯಾನಿಗೆ ಬಲೆಯ ದಾರ ಸುತ್ತಿದೆಯೇ, ಕೇಬಲ್ ಎಳೆದಾಗ ಕಾರ್ಬೊರೇಟರಿನ ಬಾಯಿ ನಿಜವಾಗಿಯೂ ಪೂರ್ತಿ ತೆರೆಯುತ್ತದೆಯೇ, ಇಷ್ಟನ್ನು ಕಣ್ಣಲ್ಲೇ ನೋಡಬಹುದು. ಇಲ್ಲಿ ಅದೆಲ್ಲ ಸರಿಯಿತ್ತು. ಹಿಂಬದಿಯಿಂದ ತಂಪು ನೀರೂ ಜೋರಾಗಿಯೇ ಚಿಮ್ಮುತ್ತಿತ್ತು. ಆರ್‌ಪಿಎಂ ಮಾತ್ರ ಅರ್ಧಕ್ಕೇ ನಿಂತಿತ್ತು.

ಎರಡು ಸಿಲಿಂಡರಿನ ಇಂಜಿನ್ ಅರ್ಧಕ್ಕೇ ನಿಂತರೆ ನನ್ನ ಮೊದಲ ಅನುಮಾನ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು. ಎರಡೂ ಪ್ಲಗ್ ಬಿಚ್ಚಿದೆ. ಮೇಲಿನದು ಕಂದು ಬಣ್ಣ, ಒಣಗಿತ್ತು. ಕೆಳಗಿನದು ಕಪ್ಪಾಗಿ ಎಣ್ಣೆಯಲ್ಲಿ ತೊಯ್ದಿತ್ತು. ಇಷ್ಟರಿಂದಲೇ ಅರ್ಧ ಉತ್ತರ ಸಿಕ್ಕಿತು: ಕೆಳಗಿನ ಸಿಲಿಂಡರಿಗೆ ಇಂಧನ ಹೋಗುತ್ತಿದೆ, ಉರಿಯುತ್ತಿಲ್ಲ. ಹಾಗಾದರೆ ಕಾರ್ಬೊರೇಟರನ್ನು ಬೈದು ಪ್ರಯೋಜನವಿಲ್ಲ.

ಕಂಪ್ರೆಶನ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಎಷ್ಟು ಒತ್ತಡ ಕಟ್ಟುತ್ತದೆ ಎಂದು ನೋಡಿದೆ. ಎರಡೂ ಪ್ಲಗ್ ಹೊರಗೆ, ವೈರುಗಳು ಬಾಡಿಗೆ ಅರ್ತ್, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ಗಿನ ತೂತಿಗೆ ಹಾಕಿದ ಒತ್ತಡದ ಮೀಟರಿನ ಮುಳ್ಳು ಇನ್ನು ಏರುವುದಿಲ್ಲ ಅನ್ನುವವರೆಗೆ ಸ್ಟಾರ್ಟ್ ಮಾಡುವ ಹಗ್ಗ ಎಳೆಯಬೇಕು. ಸೀಮೆಎಣ್ಣೆ ಒತ್ತಡಕ್ಕೆ ಹದ ತಪ್ಪಿ ಉರಿದು ಬೇಗ 'ನಾಕ್' ಹೊಡೆಯುವುದರಿಂದ ಅದಕ್ಕೆಂದೇ ಮಾಡಿದ ಇಂಜಿನ್‌ಗಳಲ್ಲಿ ಕಂಪ್ರೆಶನ್ ಪೆಟ್ರೋಲ್ ಇಂಜಿನ್ನಿಗಿಂತ ಕಡಿಮೆಯೇ ಇರುತ್ತದೆ. ಹೀಗಾಗಿ ನಾನು ಅಂಕಿಗಿಂತ ಎರಡರ ನಡುವಿನ ವ್ಯತ್ಯಾಸಕ್ಕೆ ಬೆಲೆ ಕೊಡುತ್ತೇನೆ. ಶೇ. 10ರೊಳಗಿದ್ದರೆ ಪಿಸ್ಟನ್ ರಿಂಗಿಗೆ ಕೈ ಹಾಕುವುದಿಲ್ಲ. ಇಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮಾಲೀಕರ ಮುಖ ಆಗ ಗೆಲುವಾಯಿತು; ಪಿಸ್ಟನ್ ಕೆಲಸವೆಂದರೆ ದೊಡ್ಡ ಖರ್ಚು ಎಂದು ಹೆದರಿದ್ದರು.

"ಕಿಡಿ ಎರಡರಲ್ಲೂ ಬರ್ತದಲ್ಲ, ನಾನೇ ನೋಡಿದ್ದೇನೆ" ಅಂದರು.

"ಹೊರಗೆ ಬರ್ತದೆ ಅಣ್ಣ, ಒಳಗೆ ಬರ್ತದಾ ನೋಡ್ಬೇಕು" ಅಂದೆ.

ಹೊರಗೆ ಗಾಳಿಯಲ್ಲಿ ಪ್ಲಗ್ಗಿನ ಸಣ್ಣ ಸಂದನ್ನು ಕಿಡಿ ಸುಲಭವಾಗಿ ದಾಟುತ್ತದೆ. ಸಿಲಿಂಡರಿನೊಳಗೆ ಒತ್ತಡ ಏರಿದ ಹಾಗೆ ಅದೇ ಸಂದು ದಾಟಲು ಹೆಚ್ಚು ವೋಲ್ಟೇಜ್ ಬೇಕು. ದಾರಿಯಲ್ಲಿ ಎಲ್ಲಾದರೂ ಸೋರಿಕೆಯಿದ್ದರೆ ಕರೆಂಟ್ ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ನಿಧಾನಕ್ಕೆ ಓಡುವಾಗ ಸರಿಯಿದ್ದು ಥ್ರಾಟಲ್ ಕೊಟ್ಟಾಗ ಸಾಯುವ ಸಿಲಿಂಡರಿನ ಗುಟ್ಟು ಬಹಳ ಸಲ ಇದೇ.

ಖಚಿತ ಮಾಡಿಕೊಳ್ಳಲು ದೋಣಿಯನ್ನು ಧಕ್ಕೆಗೆ (ದೋಣಿ ನಿಲ್ಲುವ ಕಟ್ಟೆಗೆ) ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ ಥ್ರಾಟಲ್ ಏರಿಸಿ, ಒಂದೊಂದೇ ಪ್ಲಗ್ಗನ್ನು ಸುಮ್ಮನಾಗಿಸಿ ನೋಡಿದೆ. ವೈರನ್ನು ಗಾಳಿಯಲ್ಲಿ ತೂಗುಬಿಡಬಾರದು, ಬಾಡಿಗೆ ಅರ್ತ್ ಕೊಡಲೇಬೇಕು. ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಸಿಡಿಐ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟುಹೋಗಬಹುದು. ವೋಲ್ಟೇಜ್ ಏರಿಸುವ ಒಂದೇ ಕಾಯಿಲಿನಿಂದ ಎರಡು ವೈರ್ ಹೊರಡುವ ಇಂಜಿನ್‌ಗಳಲ್ಲಿ ಇನ್ನೊಂದು ಪ್ಲಗ್ಗಿನ ಕಿಡಿಯೂ ನಿಲ್ಲಬಹುದು. ನಾನು ಇಂಜಿನ್ ನಿಲ್ಲಿಸಿಯೇ ವೈರ್ ಬದಲಿಸುವುದು, ಓಡುವಾಗ ಕೈ ಹಾಕುವುದಿಲ್ಲ. ಮೇಲಿನದನ್ನು ತಪ್ಪಿಸಿದಾಗ ಇಂಜಿನ್ ಥ್ರಾಟಲ್ ತಡೆಯದೆ ನಿಂತೇ ಹೋಯಿತು. ಕೆಳಗಿನದನ್ನು ತಪ್ಪಿಸಿದಾಗ ಏನೂ ವ್ಯತ್ಯಾಸವಿಲ್ಲ.

ಕತ್ತಲಾಗುವವರೆಗೆ ಕಾದು, ಕವರ್ ತೆಗೆದು, ವೈರುಗಳ ಮೇಲೆ ನೀರು ಚಿಮುಕಿಸಿ ಓಡಿಸಿದೆವು. ಕೆಳಗಿನ ಪ್ಲಗ್ ಕ್ಯಾಪಿನ ಬುಡದಿಂದ ಸಿಲಿಂಡರ್ ಹೆಡ್ಡಿಗೆ ನೀಲಿ ಗೆರೆ ಹಾರುವುದು ಇಬ್ಬರಿಗೂ ಕಂಡಿತು. ಹಗಲಲ್ಲಿ ಇದು ಕಾಣುವುದೇ ಇಲ್ಲ. ಉಪ್ಪುನೀರು ಕ್ಯಾಪಿನೊಳಗೆ ಹೋಗಿ ಹಸಿರುಗಟ್ಟಿತ್ತು, ರಬ್ಬರ್ ಬಿರುಕು ಬಿಟ್ಟಿತ್ತು. ವೈರಿನ ತುಕ್ಕು ಹಿಡಿದ ತುದಿ ಕತ್ತರಿಸಿ, ಒಳ್ಳೆಯ ತಾಮ್ರ ಕಂಡ ಜಾಗದಲ್ಲಿ ಹೊಸ ಕ್ಯಾಪ್ ತಿರುಗಿಸಿ ಕೂರಿಸಿ, ಹೊಸ ಪ್ಲಗ್ ಹಾಕಿದೆ. ಕಾಸು ಹೆಚ್ಚು ಬೇಕಾಗಲಿಲ್ಲ.

ಮರುದಿನ ನದಿಯಲ್ಲಿ ಪೂರ್ತಿ ವೇಗ ಬಂತು, ಆದರೆ ಸ್ವಲ್ಪ ಹೊತ್ತು ಓಡಿದ ಮೇಲೆ ಮತ್ತೆ ಇಳಿಯಿತು. ಹಳೆಯ ಇಂಜಿನ್ನಿನಲ್ಲಿ ಹೀಗೇ. ಒಂದು ತೊಂದರೆ ಇನ್ನೊಂದನ್ನು ಮುಚ್ಚಿಟ್ಟಿರುತ್ತದೆ. ವೇಗ ಇಳಿಯುವಾಗ ಟ್ಯಾಂಕಿನಿಂದ ಬರುವ ಇಂಧನ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಒತ್ತುತ್ತಾ ಇರಿ ಅಂದೆ. ಒತ್ತಿದ ಕೂಡಲೇ ಇಂಜಿನ್ ಚೇತರಿಸಿತು. ಅಂದರೆ ಕಾರ್ಬೊರೇಟರಿಗೆ ಇಂಧನ ಸಾಲುತ್ತಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿತ್ತು, ಪೈಪಿನ ಕನೆಕ್ಟರಿನ ಓ-ರಿಂಗ್ ಚೆನ್ನಾಗಿತ್ತು. ಫ್ಯುಯಲ್ ಪಂಪ್ ತೆರೆದರೆ ಡಯಾಫ್ರಮ್ ಎಂಬ ತೆಳು ಪೊರೆ ಒಣಗಿದ ತೊಗಲಿನ ಹಾಗೆ ಬಿರುಸಾಗಿತ್ತು. ಪಿಸ್ಟನ್ನಿನ ಹಿಂಬದಿಯ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತಕ್ಕೆ ಮಿಡಿದು ಇಂಧನ ಎಳೆಯಬೇಕಾದದ್ದು ಅದೇ; ಬಿರುಸಾದರೆ ನಿಧಾನ ಓಟಕ್ಕೆ ಸಾಕಾಗುತ್ತದೆ, ಪೂರ್ತಿ ವೇಗಕ್ಕೆ ಸಾಕಾಗುವುದಿಲ್ಲ. ಹೊಸದು ಹಾಕಿದ ಮೇಲೆ ವೇಗ ಇಳಿಯಲಿಲ್ಲ.

ಹೊಗೆ ಹೋಗುವ ದಾರಿಯ (ಎಕ್ಸಾಸ್ಟ್) ಕವರನ್ನೂ ತೆಗೆದು ನೋಡಿದೆ. ಸೀಮೆಎಣ್ಣೆಯ ಮಸಿ ದಾರಿಯನ್ನು ಕಿರಿದು ಮಾಡಿತ್ತು. ಮರದ ಚಕ್ಕೆಯಿಂದ ಕೆರೆದು ತೆಗೆದು ಹೊಸ ಗ್ಯಾಸ್ಕೆಟ್ ಹಾಕಿದೆ. ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಓಡಿಸಿ ನಿಲ್ಲಿಸಿದರೆ ಮರುದಿನ ಸ್ಟಾರ್ಟಿಗೂ ಒಳ್ಳೆಯದು, ಪ್ಲಗ್ ಕೂಡ ಅಷ್ಟು ಬೇಗ ಕೊಳೆಯಾಗುವುದಿಲ್ಲ ಎಂದು ಅವರಿಗೆ ಮತ್ತೊಮ್ಮೆ ಹೇಳಿದೆ. ಒಂದು ಮುಚ್ಚಳದ ಡಬ್ಬದಲ್ಲಿ ಡಯಾಫ್ರಮ್, ಎರಡು ಪ್ಲಗ್, ಎರಡು ಕ್ಯಾಪ್, ಪ್ಲಗ್ ಸ್ಪ್ಯಾನರ್ ಇಟ್ಟು ಅದನ್ನು ದೋಣಿಯಲ್ಲೇ ಕಟ್ಟಿಸಿದೆ.