ಗುಟ್ಕಾ ಬಿಡಿಸೋಕೆ ಮಕ್ಕಳ ಡಾಕ್ಟರ್ ಯಾಕೆ ಅಂದವರಿಗೆ

"ನಿಮಗ್ಯಾಕ್ರೀ ಈ ಉಸಾಬರಿ? ಜ್ವರ, ಕೆಮ್ಮು ನೋಡ್ರಿ ಸಾಕು." ನಾಲ್ಕು ವರ್ಷದ ಹಿಂದೆ ನಮ್ಮ ಸೀನಿಯರ್ ಒಬ್ಬರು ಹೀಗೆ ನಕ್ಕಿದ್ದರು. ಹೋದ ತಿಂಗಳು ಅವರೇ ಫೋನ್ ಮಾಡಿ, "ಆ ನಿಮ್ಮ ಕಾರ್ಡ್ ಒಂದು ಕಳಿಸ್ರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕ್ಲಿನಿಕ್ ಇರುವುದು ದಾವಣಗೆರೆ ಕಡೆ, ಅಡಿಕೆ ಸೀಮೆಯಲ್ಲಿ. 2013ರಲ್ಲೇ ರಾಜ್ಯದಲ್ಲಿ ತಂಬಾಕು ಬೆರೆಸಿದ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲಾ ಒಂದು ಚೀಟು (ಪುಟ್ಟ ಪ್ಯಾಕೆಟ್), ತಂಬಾಕು ಇನ್ನೊಂದು ಚೀಟು. ಹುಡುಗರೇ ಬೆರೆಸಿಕೊಳ್ಳುತ್ತಾರೆ, ಅಷ್ಟೇ.

ಮೊದಲ ವರ್ಷ ಪೂರ್ತಿ ದಂಡ. ಬಾಯಿ ಕ್ಯಾನ್ಸರಿನ ಪೋಸ್ಟರಿಗೆ ಆರೇಳು ಸಾವಿರ ಸುರಿದೆ. ದೊಡ್ಡ ಹುಡುಗರು ತಿರುಗಿ ನೋಡಲಿಲ್ಲ, ಇಂಜೆಕ್ಷನ್‌ಗೆ ಬಂದ ಪುಟಾಣಿಗಳು ಕಿರುಚಿಕೊಂಡವು. ಆಮೇಲೆ ತಂಬಾಕು ಹಾಕಿದ್ದಾರಾ ಅಂತ ಮೂತ್ರದಲ್ಲಿ ಪತ್ತೆ ಮಾಡುವ ಕೊಟಿನಿನ್ ಸ್ಟ್ರಿಪ್ ತರಿಸಿದೆ, ಹತ್ತಿರ ಹತ್ತು ಸಾವಿರ. ಪರೀಕ್ಷೆ ಅಂದ ಕೂಡಲೇ ಹುಡುಗರ ಕಣ್ಣಿಗೆ ನಾನು ಪೊಲೀಸ್ ಆದೆ. ಅರ್ಧ ಸ್ಟ್ರಿಪ್ ಡೇಟ್ ಮುಗಿದು ಕಸಕ್ಕೆ ಹೋದವು.

ಇವೆಲ್ಲ ದುಡ್ಡಿನ ಲೆಕ್ಕ. ಅದಕ್ಕಿಂತ ದೊಡ್ಡ ತಪ್ಪು ಬೇರೆ. ಒಬ್ಬ ಎಂಟನೇ ಕ್ಲಾಸ್ ಹುಡುಗನ ವಿಷಯ ಅವನ ಅಪ್ಪನಿಗೆ ಹೇಳಿಬಿಟ್ಟೆ. ಬೆಲ್ಟ್ ತಗೊಂಡು ಹೊಡೆದರಂತೆ. ಹುಡುಗ ಮತ್ತೆ ನನ್ನ ಹತ್ತಿರ ಬರಲೇ ಇಲ್ಲ.

ಈಗ ಹತ್ತು ದಾಟಿದವರನ್ನು ಎರಡು ನಿಮಿಷ ಒಬ್ಬರೇ ನೋಡುತ್ತೇನೆ. ಅಮ್ಮನನ್ನು ಸುಮ್ನೆ ಔಷಧಿ ತರಲು ಕಳಿಸುತ್ತೇನೆ. "ನೀನು ಹಾಕ್ತೀಯಾ?" ಅಂತ ಕೇಳುವುದಿಲ್ಲ. "ನಿಮ್ಮ ಕ್ಲಾಸಲ್ಲಿ ಯಾರ್ಯಾರು ಹಾಕ್ತಾರೋ?" ಅನ್ನುತ್ತೇನೆ. ಆಮೇಲೆ ಅವನದೇ ಮೂರು ಬೆರಳು ಒಂದರ ಮೇಲೊಂದು ಬರುವ ಹಾಗೆ ಹಲ್ಲುಗಳ ನಡುವೆ ಇಡಲು ಹೇಳುತ್ತೇನೆ. ನಗುತ್ತಾ ಶುರು ಮಾಡುತ್ತಾರೆ. ಎರಡೇ ಹೋದರೆ ಬಾಯಿ ಬಿಗಿಯುತ್ತಿದೆ ಅಂತ ಅನುಮಾನ, ಮುಖ ಸಪ್ಪಗಾಗುತ್ತದೆ. ಅಂಥವರನ್ನು ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಲೇಬೇಕು. ಆ ಸೀನಿಯರ್ ಕೇಳಿದ ಕಾರ್ಡ್ ಇದೇ: ತೂಕ, ಎತ್ತರದ ಪಕ್ಕ ಬೆರಳಿನ ಲೆಕ್ಕ. ಮನೆಯವರಿಗೆ ಅದು ಬರೀ ಒಂದು ನಂಬರ್.

ಕ್ಯಾನ್ಸರ್ ಮಾತು ಎತ್ತುವುದೇ ಇಲ್ಲ. ಜೋಡಿ ಚೀಟು ಹತ್ತು ರೂಪಾಯಿ ಅಂತಿಟ್ಟುಕೊಂಡರೂ, ದಿನಕ್ಕೆ ಮೂರು ಅಂದರೆ ವರ್ಷಕ್ಕೆ ಹತ್ತಿರ ಹನ್ನೊಂದು ಸಾವಿರ. ಒಂದು ಮೊಬೈಲ್, ಅಲ್ವಾ? ಲೆಕ್ಕ ಅವನ ಕೈಯಲ್ಲೇ ಮಾಡಿಸುತ್ತೇನೆ. ಎರಡನೇ ಸಲ ಅವನಾಗಿಯೇ ಬರುವ ಹಾಗೆ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್‌ಗೆ ಬನ್ನಿ, ಚಹಾ ಕುಡಿಯುತ್ತಾ ಹೇಳುತ್ತೇನೆ.

ನಡುವೆ ಒಂದು ಎಡವಟ್ಟೂ ಆಯಿತು. ಗುಟ್ಕಾ ಬದಲು ಸಿಹಿ ಅಡಿಕೆ ಹಾಕಿಕೋ ಅಂದೆ. ಬಾಯಿ ಬಿಗಿಯುವುದೇ ಅಡಿಕೆಯಿಂದ! ಗೊತ್ತಿದ್ದೂ ಹಾಗಂದೆ. ಈಗ ಹುರಿದ ಸೋಂಪು ಕೊಡುತ್ತೇನೆ, ಪರವಾಗಿಲ್ಲ.

ಉಬ್ಬಸದ ಮಗು ಬಂದರೆ ಚೀಟಿಯ ಮೊದಲ ಸಾಲು "ಮನೆಯೊಳಗೆ ಬೀಡಿ ಬೇಡ", ಔಷಧಿ ಅದರ ಕೆಳಗೆ. ಅಪ್ಪಂದಿರಿಗೆ 1800-11-2356 ಬರೆದುಕೊಡುತ್ತೇನೆ. ಬಿಡಬೇಕು ಅನ್ನುವವರಿಗೆ ಅದು ಉಚಿತ ಸಹಾಯವಾಣಿ.

ಇದುವರೆಗೆ ಸಿಕ್ಕ ಗುಟ್ಕಾ ಹುಡುಗರು ಎಪ್ಪತ್ತರ ಸುಮಾರು. ಪೂರ್ತಿ ಬಿಟ್ಟವರು ಇಪ್ಪತ್ತೈದಾದರೂ ಇದ್ದಾರೆ. ಹತ್ತು ಜನ ಬಿಟ್ಟು ಮತ್ತೆ ಹಿಡಿದರು. ನನ್ನ ಕಾಂಪೌಂಡರ್ ಮಾತ್ರ ಇನ್ನೂ ಬಿಟ್ಟಿಲ್ಲ. ಅವನಿಗೆ ಎರಡೂವರೆ ಬೆರಳು.